ಹೊಸ ಉಪ್ಪುನೀರಿನ ತೊಟ್ಟಿಯಲ್ಲಿ ಮೀನು ಸಾಯುತ್ತಿದೆಯಾ? ಕಾರಣ ಹುಡುಕುವುದು ಹೀಗೆ

ಸತ್ತ ಮೀನನ್ನು ಈಗಲೇ ಎಸೆಯಬೇಡಿ. ಬಲೆಯಲ್ಲಿ ತೆಗೆದು ಬಿಳಿ ತಟ್ಟೆಯ ಮೇಲೆ ಇಡಿ. ಎರಡೂ ಪಕ್ಕದ ಫೋಟೋ ತೆಗೆಯಿರಿ. ಕಿವಿರಿನ ಮುಚ್ಚಳ ಸ್ವಲ್ಪ ಎತ್ತಿ ಒಳಗಿನ ಬಣ್ಣ ನೋಡಿ. ಎಷ್ಟು ಹೊತ್ತಿಗೆ ಸಿಕ್ಕಿತು, ಮನೆಗೆ ತಂದು ಎಷ್ಟು ದಿನವಾಗಿತ್ತು, ನಿನ್ನೆ ತಿಂದಿತ್ತಾ ಇಲ್ಲವಾ, ಇಷ್ಟನ್ನೂ ಬರೆದಿಡಿ. ಇದನ್ನೆಲ್ಲ ಬಿಟ್ಟು ಮೀನನ್ನು ಕಸದ ಬುಟ್ಟಿಗೆ ಹಾಕಿ ಅಂಗಡಿಗೆ ಓಡಿದರೆ ಅಲ್ಲಿಂದ ಒಂದು ಔಷಧಿ ಬಾಟಲಿ ಮತ್ತು ಇನ್ನೊಂದು ಮೀನು ಹಿಡಿದುಕೊಂಡು ವಾಪಸ್ ಬರುತ್ತೀರಿ, ಅಷ್ಟೇ.

ನಾನೂ ಹಾಗೆ ಓಡಿದವನೇ. ಬೆಂಗಳೂರಿನ ಮನೆಯಲ್ಲಿ ಮೂರು ಅಡಿಯ ತೊಟ್ಟಿ ಇಟ್ಟ ಮೊದಲ ಮೂರು ತಿಂಗಳಲ್ಲಿ ಏಳು ಮೀನು ಕಳೆದುಕೊಂಡೆ. ಪ್ರತಿ ಸಲವೂ ನೀರಿನಲ್ಲಿ ಏನೋ ಆಗಿದೆ ಎಂದುಕೊಂಡು ನೀರು ಬದಲಿಸಿದೆ, ಔಷಧಿ ಹಾಕಿದೆ, ಹೊಸ ಮೀನು ತಂದೆ. ತುಂಬಾ ದಿನದ ಮೇಲೆ ಕೂತು ಹಳೆಯ ಫೋಟೋಗಳನ್ನೆಲ್ಲ ನೋಡಿದಾಗ ಗೊತ್ತಾಯಿತು. ಮೊದಲ ಎರಡು ಸತ್ತದ್ದು ಅಮೋನಿಯಾದಿಂದ. ಆಮೇಲಿನ ನಾಲ್ಕು ಸತ್ತದ್ದು ವೆಲ್ವೆಟ್ ಎಂಬ ರೋಗದಿಂದ. ಕೊನೆಯದು ತೊಟ್ಟಿಯಿಂದ ಹೊರಗೆ ಹಾರಿತ್ತು. ಮೂರಕ್ಕೂ ನಾನು ಮಾಡಿದ ಚಿಕಿತ್ಸೆ ಒಂದೇ. ಅದು ಈಗಲೂ ಮನಸ್ಸಿಗೆ ನೋವು ಕೊಡುತ್ತದೆ, ಅದಕ್ಕೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಒಂದು ಗಂಟೆ: ಉಳಿದ ಮೀನುಗಳ ಕಡೆ ನೋಡಿ

ಒಂದು ಸತ್ತಿದೆ, ಇನ್ನೆರಡು ಬದುಕಿವೆ ಅಂದುಕೊಳ್ಳಿ. ಮೊದಲು ಏರ್ ಪಂಪ್ ಮತ್ತು ಏರ್ ಸ್ಟೋನ್ ಹಾಕಿ. ಕೋಣೆಯಲ್ಲಿ ಕೀಟನಾಶಕ ಹೊಡೆದಿರದಿದ್ದರೆ, ಕಾರಣ ಯಾವುದೇ ಇರಲಿ, ಜಾಸ್ತಿ ಗಾಳಿ ಕೊಡುವುದರಿಂದ ನಷ್ಟವಿಲ್ಲ. ನೀರಿಗೆ ಅಲೆ ಕೊಡುವ ವೇವ್‌ಮೇಕರ್ ಇದ್ದರೆ ಅದರ ಮೂತಿಯನ್ನು ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಚೆನ್ನಾಗಿ ಕದಡಬೇಕು.

ಆಮೇಲೆ ಮೂರು ಅಳತೆ: ಅಮೋನಿಯಾ, ಉಪ್ಪಿನಂಶ, ತಾಪಮಾನ. ಈ ಮೂರು ಸಿಗುವವರೆಗೆ ನೀರಿಗೆ ಏನನ್ನೂ ಹಾಕಬೇಡಿ. ಅದರಲ್ಲೂ ತಾಮ್ರ ಇರುವ ಔಷಧಿಯನ್ನು ಮುಖ್ಯ ತೊಟ್ಟಿಗೆ ಯಾವತ್ತೂ ಹಾಕಬೇಡಿ. ಕಲ್ಲು, ಮರಳು ಅದನ್ನು ಹೀರಿಕೊಳ್ಳುತ್ತವೆ. ಮೀನಿಗೆ ಬೇಕಾದಷ್ಟು ಮಟ್ಟ ನಿಲ್ಲುವುದಿಲ್ಲ, ಸಿಗಡಿ ಮತ್ತು ಬಸವನಹುಳು ಸಾಯುತ್ತವೆ, ಮುಂದೆ ಹವಳ ಇಡಬೇಕೆಂದರೂ ಕಷ್ಟ.

ಅಮೋನಿಯಾ ಕಂಡರೆ ಅಥವಾ ವಿಷದ ಅನುಮಾನ ಇದ್ದರೆ 30ರಿಂದ 50 ಶೇಕಡಾ ನೀರು ಬದಲಿಸಿ. ಆದರೆ ಹೊಸ ನೀರಿನ ಉಪ್ಪಿನಂಶ ಮತ್ತು ತಾಪಮಾನ ತೊಟ್ಟಿಯದಕ್ಕೆ ಸರಿಹೊಂದಬೇಕು. ಆಗಷ್ಟೇ ಉಪ್ಪು ಕಲಸಿದ ನೀರು ಒಳ್ಳೆಯದಲ್ಲ, ಪಂಪ್ ಹಾಕಿ ಒಂದು ದಿನ ಆಡಿಸಿದ ನೀರೇ ಬೇಕು. ಹೊಸ ತೊಟ್ಟಿ ಇಟ್ಟವರು ಯಾವಾಗಲೂ ಒಂದು ಡ್ರಮ್ ತಯಾರಾದ ನೀರನ್ನು ಮೂಲೆಯಲ್ಲಿ ಇಟ್ಟಿರಬೇಕು ಅಂತ ನಾನು ಹೇಳುವುದು ಇದಕ್ಕೇ. ಮೀನು ಏದುಸಿರು ಬಿಡುತ್ತಿರುವಾಗ ಉಪ್ಪು ಕಲಸುತ್ತಾ ಕೂರಲು ಆಗುವುದಿಲ್ಲ ಅಲ್ವಾ?

ಯಾವಾಗ ಸತ್ತಿತು? ಯಾರು ಸತ್ತರು? ಯಾರು ಉಳಿದರು?

ಟೆಸ್ಟ್ ಕಿಟ್ ಇಲ್ಲದೆಯೂ ಈ ಮೂರು ಪ್ರಶ್ನೆಯಿಂದ ಅರ್ಧ ಉತ್ತರ ಸಿಗುತ್ತದೆ.

ತಂದ 24 ಗಂಟೆಯೊಳಗೆ ಸತ್ತರೆ ಅನುಮಾನ ಹೋಗಬೇಕಾದ್ದು ಪ್ರಯಾಣ, ಚೀಲದ ನೀರು, ಉಪ್ಪಿನಂಶದ ವ್ಯತ್ಯಾಸ, ಅಮೋನಿಯಾ ಇವುಗಳ ಮೇಲೆ. ಇಷ್ಟು ಬೇಗ ಕೊಲ್ಲುವ ರೋಗ ಇದ್ದರೆ ಮೀನು ಅಂಗಡಿಯಲ್ಲೇ ಸುಸ್ತಾಗಿತ್ತು ಎಂದರ್ಥ. ಎರಡರಿಂದ ಏಳು ದಿನದೊಳಗೆ ಒಂದರ ಹಿಂದೆ ಒಂದು ಸತ್ತರೆ ವೆಲ್ವೆಟ್, ಬ್ರುಕ್ಲಿನೆಲ್ಲಾ ಎಂಬ ಇನ್ನೊಂದು ರೋಗ, ಅಥವಾ ನಿಧಾನವಾಗಿ ಏರಿದ ಅಮೋನಿಯಾ. ಎರಡು ಮೂರು ವಾರ ಚೆನ್ನಾಗಿದ್ದು ಆಮೇಲೆ ಸತ್ತರೆ ಬಿಳಿ ಚುಕ್ಕೆ ರೋಗ, ಹಸಿವು, ಬೇರೆ ಮೀನಿನ ಕಾಟ, ಇಲ್ಲವೇ ಸಮುದ್ರದಲ್ಲಿ ಸಯನೈಡ್ ವಿಷ ಹಾಕಿ ಮಂಕು ಮಾಡಿ ಹಿಡಿದ ಮೀನು.

ಇನ್ನು ಯಾರು ಉಳಿದರು ಅನ್ನುವುದು. ಮೀನುಗಳೆಲ್ಲ ಸತ್ತು ಸಿಗಡಿ, ಬಸವನಹುಳು, ಏಡಿ ಆರಾಮಾಗಿ ಓಡಾಡುತ್ತಿದ್ದರೆ ಬಹುಪಾಲು ಅದು ಮೀನಿನ ರೋಗ. ತಿರುಗಾಮುರುಗಾ ಆಗಿದ್ದರೆ, ಅಂದರೆ ಮೀನು ಚೆನ್ನಾಗಿದ್ದು ಸಿಗಡಿ ಬಸವನಹುಳು ಸತ್ತಿದ್ದರೆ, ತಾಮ್ರ ಅಥವಾ ಉಪ್ಪಿನಂಶದ ಏರುಪೇರು. ಎಲ್ಲವೂ ಒಂದೇ ರಾತ್ರಿಯಲ್ಲಿ ಹೋದರೆ ಆಮ್ಲಜನಕ ಇಲ್ಲವೇ ವಿಷ. ದೊಡ್ಡ ಮೀನು ಮೊದಲು ಸತ್ತು ಚಿಕ್ಕವು ಉಳಿದಿದ್ದರೆ ಆಮ್ಲಜನಕದ ಕಡೆಗೆ ಇನ್ನೂ ಒಂದು ಬೆರಳು ತೋರಿಸಿದ ಹಾಗೆ.

ಮೀನೇ ಕಾಣುತ್ತಿಲ್ಲವಾ? ತೊಟ್ಟಿಯ ಹಿಂದೆ, ಸ್ಟ್ಯಾಂಡಿನ ಕೆಳಗೆ, ಸೋಫಾದ ಕೆಳಗೂ ನೋಡಿ. ಫೈರ್‌ಫಿಶ್, ರಾಸ್, ಗೋಬಿ ಇವೆಲ್ಲ ಹಾರುವುದರಲ್ಲಿ ಹೆಸರುವಾಸಿ. ನನ್ನ ಫೈರ್‌ಫಿಶ್ ಸಿಕ್ಕಿದ್ದು ಇರುವೆ ಸಾಲು ಹಿಡಿದು ಹೋದಾಗ. ತೊಟ್ಟಿಗೆ ಜಾಲರಿಯ ಮುಚ್ಚಳ ಹಾಕುವುದು ನೂರಾರು ರೂಪಾಯಿಯ ಕೆಲಸ, ದಯವಿಟ್ಟು ಮೊದಲ ದಿನವೇ ಹಾಕಿ.

ಸತ್ತ ಮೀನನ್ನು ಏಡಿ ತಿಂದಿದ್ದರೆ ಏಡಿಯೇ ಕೊಂದಿತು ಎಂದು ತೀರ್ಮಾನಿಸಬೇಡಿ. ಸತ್ತದ್ದನ್ನು ತಿನ್ನುವುದು ಅದರ ಕೆಲಸ.

ಅಮೋನಿಯಾ: ಹೊಸ ತೊಟ್ಟಿಯ ಮೊದಲ ಆರೋಪಿ

ಮೀನಿನ ಕಿವಿರಿನಿಂದ, ಮಲದಿಂದ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತಲೇ ಇರುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಮೀನಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ಈ ಬ್ಯಾಕ್ಟೀರಿಯಾಗಳು ಕಲ್ಲು, ಮರಳು, ಫಿಲ್ಟರ್ ಮೇಲೆ ಅಂಟಿಕೊಂಡು ಬೆಳೆಯಬೇಕು. ಅದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೀರು ತಿಳಿಯಾಗಿ ಕಂಡರೆ ತೊಟ್ಟಿ ಸಿದ್ಧ ಅಂದುಕೊಳ್ಳುವುದೇ ದೊಡ್ಡ ತಪ್ಪು. ಅಮೋನಿಯಾಕ್ಕೆ ಬಣ್ಣವಿಲ್ಲ. ಮೀನು ಸಾಯುವ ಮಟ್ಟದಲ್ಲಿ ವಾಸನೆಯೂ ಗೊತ್ತಾಗುವುದಿಲ್ಲ.

ಸಿಹಿನೀರಿನ ತೊಟ್ಟಿ ಇಟ್ಟು ಅಭ್ಯಾಸ ಇರುವವರು ಇಲ್ಲಿ ಜಾಸ್ತಿ ಎಡವುತ್ತಾರೆ. "ಗೋಲ್ಡ್‌ಫಿಶ್ ತೊಟ್ಟಿಯಲ್ಲಿ ಇಷ್ಟೇ ಅಮೋನಿಯಾ ಇತ್ತು, ಏನೂ ಆಗಲಿಲ್ಲ" ಅನ್ನುತ್ತಾರೆ. ವ್ಯತ್ಯಾಸ ಇರುವುದು ಪಿಎಚ್‌ನಲ್ಲಿ, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆಯಲ್ಲಿ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಅದರಲ್ಲಿ ಒಂದು ಮಾತ್ರ ಕಿವಿರು ದಾಟಿ ಮೀನಿನ ಒಳಗೆ ಸುಲಭವಾಗಿ ಹೋಗುತ್ತದೆ. ಪಿಎಚ್ 7 ಇರುವ ನೀರಿನಲ್ಲಿ ಆ ವಿಷರೂಪ ಒಟ್ಟು ಅಮೋನಿಯಾದ ಶೇಕಡಾ ಒಂದಕ್ಕಿಂತ ಕಡಿಮೆ. ಉಪ್ಪುನೀರಿನ ಪಿಎಚ್ 8.1ರಿಂದ 8.4. ಅಲ್ಲಿ ಅದೇ ಅಮೋನಿಯಾ ಸುಮಾರು ಹತ್ತು ಪಟ್ಟು ಜಾಸ್ತಿ ವಿಷವಾಗುತ್ತದೆ. ನೀರು ಬಿಸಿಯಾದಷ್ಟೂ ಇನ್ನೂ ಏರುತ್ತದೆ. ನೈಟ್ರೈಟ್ ವಿಷಯದಲ್ಲಿ ಮಾತ್ರ ಉಪ್ಪುನೀರಿನವರಿಗೆ ಅನುಕೂಲ. ಸಮುದ್ರದ ನೀರಿನಲ್ಲಿರುವ ಕ್ಲೋರೈಡ್ ಅದನ್ನು ಮೀನಿನ ಒಳಗೆ ಹೋಗಲು ಅಷ್ಟಾಗಿ ಬಿಡುವುದಿಲ್ಲ. ಹಾಗಾಗಿ ಸ್ವಲ್ಪ ನೈಟ್ರೈಟ್ ಕಂಡರೆ ಗಾಬರಿಯಾಗಬೇಡಿ. ಸ್ವಲ್ಪ ಅಮೋನಿಯಾ ಕಂಡರೆ ಮಾತ್ರ ಗಾಬರಿಯಾಗಿ.

ಮೀನಿರುವ ತೊಟ್ಟಿಯಲ್ಲಿ ಅಮೋನಿಯಾ ಸೊನ್ನೆ ಇರಬೇಕು. 0.25 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಇಷ್ಟು ಭಾಗ) ಕಂಡರೆ ಅದು ಎಚ್ಚರಿಕೆ, 0.5 ದಾಟಿದರೆ ಅವತ್ತೇ ನೀರು ಬದಲಿಸಬೇಕು. ಕಿಟ್ ನೋಡುವಾಗ ಮೂರು ವಿಷಯ ನೆನಪಿರಲಿ. ಅವಧಿ ಮುಗಿದ ಕಿಟ್ ಸುಳ್ಳು ಹೇಳುತ್ತದೆ. ಟ್ಯೂಬ್‌ಲೈಟ್ ಕೆಳಗೆ ಹಳದಿ ಬಣ್ಣವೂ ತಿಳಿ ಹಸಿರಾಗಿ ಕಾಣಬಹುದು, ಕಿಟಕಿ ಪಕ್ಕ ಹಗಲು ಬೆಳಕಿನಲ್ಲಿ ನೋಡಿ. ಮತ್ತೆ, ಅಮೋನಿಯಾ ಕಟ್ಟಿಹಾಕುವ ದ್ರಾವಣ ಹಾಕಿದ ಮೇಲೂ ಸಾಮಾನ್ಯ ಕಿಟ್ ಒಟ್ಟು ಅಮೋನಿಯಾವನ್ನೇ ತೋರಿಸುತ್ತದೆ, ಅಂಕಿ ಇಳಿಯಲಿಲ್ಲ ಎಂದು ಮತ್ತೆ ಮತ್ತೆ ಸುರಿಯಬೇಡಿ.

ಅಮೋನಿಯಾ ಎಲ್ಲಿಂದ ಬಂತು ಅಂತಲೂ ಹುಡುಕಿ. ಒಂದೇ ದಿನ ನಾಲ್ಕು ಮೀನು ಬಿಟ್ಟಿರಾ? ದಿನಕ್ಕೆ ಮೂರು ಸಲ ಆಹಾರ ಹಾಕಿ ಅರ್ಧ ಕಲ್ಲಿನ ಸಂದಿಗೆ ಹೋಯಿತಾ? ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಬೇಕು. ಕಾಣೆಯಾದ ಮೀನು ಕಲ್ಲಿನ ಹಿಂದೆ ಕೊಳೆಯುತ್ತಿದೆಯಾ? ಕಲ್ಲನ್ನು ಎಲ್ಲಿಂದ ತಂದಿರಿ ಅನ್ನುವುದೂ ಮುಖ್ಯ. ಜೀವಿಗಳಿರುವ ಕಲ್ಲು ಒಣಗಿದರೆ ಅದರ ಮೇಲಿನ ಜೀವಿಗಳೆಲ್ಲ ಸತ್ತು, ನೀರಿಗೆ ಹಾಕಿದ ಮೇಲೆ ಕೊಳೆತು ಅಮೋನಿಯಾ ಏರಿಸುತ್ತವೆ. ಇಲ್ಲೇ ಒಂದು ಮಾತು. ನೇತ್ರಾಣಿಗೋ ಲಕ್ಷದ್ವೀಪಕ್ಕೋ ಹೋದಾಗ ಹವಳದ ತುಂಡು ಎತ್ತಿಕೊಂಡು ಬರಬೇಡಿ. ಹವಳ, ಕಡಲಕುದುರೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕಾನೂನು ಬಿಡಿ, ಅವು ಅಲ್ಲೇ ಇರಬೇಕಾದ ಜೀವಗಳು.

ತೊಟ್ಟಿ ಹದಕ್ಕೆ ಬಂದಿಲ್ಲ, ಅಂದರೆ ಬ್ಯಾಕ್ಟೀರಿಯಾ ಇನ್ನೂ ಸಾಕಷ್ಟು ಬೆಳೆದಿಲ್ಲ ಅಂತ ಗೊತ್ತಾದರೆ, ಉಳಿದ ಮೀನನ್ನು ಅಂಗಡಿಯವರೋ ಹವ್ಯಾಸದ ಸ್ನೇಹಿತರೋ ಒಂದೂವರೆ ತಿಂಗಳು ಇಟ್ಟುಕೊಳ್ಳುತ್ತಾರಾ ಕೇಳಿ. ಅದೇ ಒಳ್ಳೆಯ ದಾರಿ. ಆಗದಿದ್ದರೆ ದಿನಾ ಅಮೋನಿಯಾ ನೋಡಿ, ಬೇಕಾದಾಗಲೆಲ್ಲ ನೀರು ಬದಲಿಸಿ, ಎರಡು ದಿನಕ್ಕೊಮ್ಮೆ ಸ್ವಲ್ಪ ಆಹಾರ ಹಾಕಿ ದಾಟಿಸಬೇಕು. "ಮೊದಲು ಡ್ಯಾಮ್ಸೆಲ್ ಮೀನು ಬಿಡಿ, ಅವು ಗಟ್ಟಿ, ತೊಟ್ಟಿ ಹದವಾಗುತ್ತದೆ" ಎಂಬ ಹಳೆಯ ಸಲಹೆ ಈಗಲೂ ಕೇಳಿಬರುತ್ತದೆ. ಅದನ್ನು ಒಪ್ಪಬೇಡಿ. ಆ ಮೀನು ವಾರಗಟ್ಟಲೆ ಕಿವಿರು ಸುಟ್ಟುಕೊಂಡು ಬದುಕುತ್ತದೆ, ಬದುಕಿದ ಮೇಲೆ ತೊಟ್ಟಿ ತನ್ನದೇ ಎಂದು ಬಂದವರನ್ನೆಲ್ಲ ಕಚ್ಚಿ ಓಡಿಸುತ್ತದೆ.

ಮೀನಿಲ್ಲದೆ ಹದ ಮಾಡುವುದು ಸುಲಭ. ಮಾರ್ಕೆಟ್ಟಿನಿಂದ ಒಂದು ಹಸಿ ಸಿಗಡಿ ತಂದು ತೊಟ್ಟಿಗೆ ಹಾಕಿ, ಅಥವಾ ಅಮೋನಿಯಂ ಕ್ಲೋರೈಡ್ ದ್ರಾವಣ ಹಾಕಿ ಅಮೋನಿಯಾ 2 ಪಿಪಿಎಂ ಆಗುವಂತೆ ನೋಡಿಕೊಳ್ಳಿ. ಅಷ್ಟಾದ ಮೇಲೆ ಸಿಗಡಿ ತೆಗೆಯಿರಿ. ಬಾಟಲಿ ಬ್ಯಾಕ್ಟೀರಿಯಾ ಸೇರಿಸಿದರೆ ಬೇಗ ಆಗಬಹುದು, ಆದರೆ ಬಿಸಿಲಲ್ಲಿ ಕುಳಿತ ಬಾಟಲಿಯಲ್ಲಿ ಜೀವ ಇರುತ್ತದೆ ಎಂದು ನಂಬಬೇಡಿ. 2 ಪಿಪಿಎಂ ಅಮೋನಿಯಾ ಹಾಕಿದರೆ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುತ್ತಿವೆಯಾ? ಆಗ ತೊಟ್ಟಿ ಸಿದ್ಧ. ಒಂದು ದೊಡ್ಡ ನೀರು ಬದಲಾವಣೆ ಮಾಡಿ, ಒಂದೇ ಒಂದು ಮೀನಿನಿಂದ ಶುರು ಮಾಡಿ.

ನೀರು ಮತ್ತು ಉಪ್ಪು

ಉಪ್ಪಿನಂಶದ ಗುರಿ 35 ಪಿಪಿಟಿ, ಅಂದರೆ ಸಾವಿರ ಭಾಗಕ್ಕೆ 35 ಭಾಗ ಉಪ್ಪು, ಸಾಪೇಕ್ಷ ಸಾಂದ್ರತೆಯಲ್ಲಿ 1.025ರಿಂದ 1.026. ಮುಳ್ಳು ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರನ್ನು ನಾನು ನಂಬುವುದಿಲ್ಲ. ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೆ ಅಂಕಿ ಬೇರೆ. ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಹೇಳುವ ರಿಫ್ರಾಕ್ಟೋಮೀಟರ್ ತೆಗೆದುಕೊಳ್ಳಿ, ಅದನ್ನೂ ಆಗಾಗ ಸರಿಹೊಂದಿಸಿ. ಬರೀ ಶುದ್ಧ ನೀರಿಗೆ ಸೊನ್ನೆ ಮಾಡಿದರೆ ಸಾಲದು, 35ರ ಹತ್ತಿರ ಸರಿ ಇದೆಯಾ ನೋಡಬೇಕು. ಅಳತೆ ದ್ರಾವಣ ಸಿಗದಿದ್ದರೆ ಮನೆಯಲ್ಲೇ ಮಾಡಬಹುದು: 36.5 ಗ್ರಾಂ ಅಡುಗೆ ಪುಡಿ ಉಪ್ಪು, 963.5 ಗ್ರಾಂ ಆರ್‌ಓ ನೀರು. ಇದು ರಿಫ್ರಾಕ್ಟೋಮೀಟರಿನಲ್ಲಿ 35 ತೋರಿಸಬೇಕು. ಬೇರೆ ಥರದ ಮೀಟರಿಗೆ ಈ ಲೆಕ್ಕ ಬರುವುದಿಲ್ಲ.

ಅಡುಗೆ ಉಪ್ಪು ಅಳತೆಗೆ ಮಾತ್ರ. ಕಲ್ಲುಪ್ಪು ಹಾಕಿ ತೊಟ್ಟಿ ನಡೆಸಿದವರನ್ನು ನೋಡಿದ್ದೇನೆ, ಸಮುದ್ರದ ಉಪ್ಪೇ ಅಲ್ವಾ ಅನ್ನುವ ವಾದ. ಉಪ್ಪಿನ ಗದ್ದೆಯಲ್ಲಿ ಹರಳು ಕಟ್ಟುವಾಗ ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ ಸಿಗುತ್ತದೆ. ಮೆಗ್ನೀಸಿಯಂ, ಪೊಟ್ಯಾಸಿಯಂ, ಪಿಎಚ್ ಹಿಡಿದಿಡುವ ಅಂಶ ಹೆಚ್ಚಿನಂಶ ಬೇರೆಯಾಗಿ ಹೋಗಿರುತ್ತವೆ. ಅಕ್ವೇರಿಯಂಗೆ ಎಂದೇ ಮಾಡಿದ ಉಪ್ಪು ಬೇಕು.

ಈಗ ಜಾಸ್ತಿ ಜನ ಮಾಡುವ, ಆದರೆ ಯಾರೂ ಅನುಮಾನಿಸದ ತಪ್ಪು. ತೊಟ್ಟಿಯ ನೀರು ಆವಿಯಾದಾಗ ಹೋಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಮೇಲೆ ತುಂಬಿಸಬೇಕಾದ್ದು ಉಪ್ಪಿಲ್ಲದ ಆರ್‌ಓ ನೀರು. ಸ್ನೇಹಿತನೊಬ್ಬ ದಿನಾ ಒಂದು ಲೀಟರ್ ಉಪ್ಪುನೀರು ತುಂಬಿಸುತ್ತಿದ್ದ. ಅವನದು 100 ಲೀಟರಿನ ತೊಟ್ಟಿ. ದಿನಕ್ಕೆ 35 ಗ್ರಾಂ ಉಪ್ಪು ಸೇರಿದರೆ 20 ದಿನಕ್ಕೆ 700 ಗ್ರಾಂ ಆಯಿತು, ಅಂದರೆ 35 ಇದ್ದದ್ದು 42 ಆಯಿತು. ಮೊದಲು ಬಸವನಹುಳುಗಳು ಸತ್ತವು, ಆಮೇಲೆ ಸಿಗಡಿ. ಅವನು ಮೂರು ವಾರ ರೋಗ ಹುಡುಕುತ್ತಿದ್ದ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಹಾಕಿ, ದಿನಾ ಅಲ್ಲಿಯವರೆಗೆ ಆರ್‌ಓ ನೀರು ತುಂಬಿಸಿ, ಮುಗಿಯಿತು.

ಆರ್‌ಓ ನೀರು ಅಂದೆ, ಆದರೆ ಅಡುಗೆಮನೆಯ ಎಲ್ಲ ಪ್ಯೂರಿಫೈಯರ್ ಸರಿಯಲ್ಲ. ಕೆಲವದರಲ್ಲಿ ರುಚಿಗೆ ಖನಿಜ ಸೇರಿಸುವ ಕಾರ್ಟ್ರಿಡ್ಜ್ ಇರುತ್ತದೆ, ಕೆಲವದರಲ್ಲಿ ಸ್ವಲ್ಪ ನಲ್ಲಿ ನೀರನ್ನೇ ಮರಳಿ ಬೆರೆಸುತ್ತಾರೆ. ಈಗ ತಾಮ್ರ ಸೇರಿಸುವ ಪ್ಯೂರಿಫೈಯರ್ ಕೂಡ ಮನೆ ಮನೆಯಲ್ಲಿದೆ. ಕುಡಿಯಲು ಆಗಬಹುದು, ಸಿಗಡಿಗೆ ಮತ್ತು ಹವಳಕ್ಕೆ ತಾಮ್ರ ವಿಷ. ಅದೇ ಕಾರಣಕ್ಕೆ ತಾಮ್ರದ ಬಿಂದಿಗೆಯಲ್ಲಿಟ್ಟ ನೀರು, ಹಿತ್ತಾಳೆ ಫಿಟ್ಟಿಂಗಿನಲ್ಲಿ ನಿಂತ ನೀರು ಬೇಡ. ಮೆಂಬ್ರೇನ್ ಆದ ಮೇಲೆ, ಈ ಕಾರ್ಟ್ರಿಡ್ಜ್‌ಗಳಿಗೆ ಮೊದಲೇ ಒಂದು ಪೈಪ್ ತೆಗೆಸಿಕೊಳ್ಳಿ. ನೀರಿನಲ್ಲಿ ಕರಗಿದ ಅಂಶ ಅಳೆಯುವ ಟಿಡಿಎಸ್ ಮೀಟರ್ 10ರ ಒಳಗೆ ತೋರಿಸಿದರೆ ಚೆನ್ನ. ಬೋರ್‌ವೆಲ್ ನೀರನ್ನು ನೇರವಾಗಿ ಬಳಸಬೇಡಿ. ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದೂ ನೇರವಾಗಿ ಬೇಡ.

ಮಂಗಳೂರು ಉಡುಪಿ ಕಡೆಯವರು ಮಲ್ಪೆಯಿಂದಲೋ ಪಣಂಬೂರಿನಿಂದಲೋ ನೇರ ಸಮುದ್ರದ ನೀರು ತರಬಹುದಾ ಎಂದು ಕೇಳುತ್ತಾರೆ. ಬಂದರು ಮತ್ತು ನದಿ ಸೇರುವ ಜಾಗದ ಹತ್ತಿರದ ನೀರು ಬೇಡ, ಎಣ್ಣೆ ಕೊಳೆ ಎರಡೂ ಇರುತ್ತವೆ. ಮಳೆಗಾಲದಲ್ಲಂತೂ ನದಿ ನೀರು ಸೇರಿ ದಡದ ಬಳಿ ಉಪ್ಪಿನಂಶ ಇಳಿದಿರುತ್ತದೆ. ಹೊಸಬರಿಗೆ ಉಪ್ಪು ಕಲಸಿದ ನೀರೇ ವಾಸಿ.

ಉಸಿರು, ಸೆಕೆ, ಕರೆಂಟು

ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕ ನೋಡಿ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. ಅದೇ ತಾಪಮಾನದ ಸಮುದ್ರದ ನೀರಿನಲ್ಲಿ ಅದು ಸುಮಾರು 6.7. ಏಪ್ರಿಲ್ ಸೆಕೆಗೆ ನೀರು 30 ಡಿಗ್ರಿ ಆದರೆ ಸುಮಾರು 6.2. ಅಂದರೆ ಶುರುವಿನಲ್ಲೇ ಉಳಿತಾಯ ಕಮ್ಮಿ, ಮೇಲೆ ಕರೆಂಟ್ ಹೋದರೆ ಕೆಲವೇ ಗಂಟೆಗಳಲ್ಲಿ ಖಾಲಿ. ರಾತ್ರಿ ಎರಡಕ್ಕೆ ಕರೆಂಟ್ ಹೋಗಿ ಬೆಳಿಗ್ಗೆ ಆರಕ್ಕೆ ಬಂದಿದ್ದರೆ ನಿಮಗೆ ಗೊತ್ತೇ ಆಗಿರುವುದಿಲ್ಲ. ಮಿನುಗುತ್ತಿರುವ ಮೈಕ್ರೋವೇವ್ ಗಡಿಯಾರ ನೋಡಿ, ಪಕ್ಕದ ಮನೆಯವರನ್ನು ಕೇಳಿ.

ಮನೆಯ ಇನ್ವರ್ಟರಿಗೆ ಒಂದು ವೇವ್‌ಮೇಕರ್ ಮಾತ್ರ ಸೇರಿಸಿ, ಅದು ತಿನ್ನುವುದು ಕೆಲವೇ ವ್ಯಾಟ್. ಇನ್ವರ್ಟರ್ ಇಲ್ಲದಿದ್ದರೆ ಯುಎಸ್‌ಬಿ ಏರ್ ಪಂಪ್, ಒಂದು ಪವರ್ ಬ್ಯಾಂಕ್. ತಾಪಮಾನ 25ರಿಂದ 27ರೊಳಗೆ ಇರಲಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಒಣ ಹವೆಯಲ್ಲಿ ತೊಟ್ಟಿಯ ಮೇಲೆ ಚಿಕ್ಕ ಫ್ಯಾನ್ ಇಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ನೀರೂ ಬೇಗ ಆವಿಯಾಗುತ್ತದೆ, ಮೇಲೆ ಹೇಳಿದ ಗೆರೆ ಮರೆಯಬೇಡಿ. ಕರಾವಳಿಯ ಜಿಗುಟು ಸೆಕೆಯಲ್ಲಿ ಫ್ಯಾನ್ ಅಷ್ಟು ಕೆಲಸ ಮಾಡುವುದಿಲ್ಲ, ಅಲ್ಲಿ ನೀರು ತಂಪು ಮಾಡುವ ಚಿಲ್ಲರ್ ಯಂತ್ರದ ಲೆಕ್ಕ ಹಾಕಿಕೊಂಡೇ ತೊಟ್ಟಿ ಇಡಬೇಕು.

ಮನೆಯೊಳಗಿನ ವಿಷ

ಎಲ್ಲವೂ ಒಟ್ಟಿಗೆ ಸತ್ತು, ನೀರಿನ ಅಳತೆ ಸರಿ ಇದ್ದರೆ, ಕಳೆದ ಎರಡು ದಿನ ಮನೆಯಲ್ಲಿ ಏನಾಯಿತು ನೆನಪು ಮಾಡಿಕೊಳ್ಳಿ. ಜಿರಳೆಗೆ ಸ್ಪ್ರೇ ಹೊಡೆದಿರಾ? ಅದೇ ಕೋಣೆಯಲ್ಲಿ ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ಲಿಕ್ವಿಡ್ ಇದೆಯಾ? ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ, ಅದು ಮೀನಿಗೂ ಸಿಗಡಿಗೂ ಬಹಳ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ತೊಟ್ಟಿ ಇರುವ ಕೋಣೆಯಲ್ಲಿ ಇವು ಬೇಡವೇ ಬೇಡ, ಸೊಳ್ಳೆ ಪರದೆ ಹಾಕಿಕೊಳ್ಳಿ. ನೆಲ ಒರೆಸಿದ ಫಿನಾಯಿಲ್ ಬಕೆಟ್, ಸ್ಯಾನಿಟೈಸರ್ ಹಚ್ಚಿದ ಕೈ, ಹೊಸ ಪೇಂಟಿನ ವಾಸನೆ ಎಲ್ಲವೂ ಪಟ್ಟಿಯಲ್ಲಿವೆ. ತೊಟ್ಟಿಗೆ ಬೇರೆ ಬಕೆಟ್ ಇಟ್ಟು ದೊಡ್ಡದಾಗಿ "ಮೀನು" ಎಂದು ಬರೆಯಿರಿ, ಮನೆಕೆಲಸಕ್ಕೆ ಬರುವ ಅಕ್ಕನಿಗೂ ಹೇಳಿಡಿ. ವಿಷದ ಅನುಮಾನ ಬಂದರೆ ದೊಡ್ಡ ನೀರು ಬದಲಾವಣೆ, ವಿಷ ಹೀರುವ ಹೊಸ ಆಕ್ಟಿವೇಟೆಡ್ ಕಾರ್ಬನ್. ಗಾಜು ಒರೆಸುವ ಆಯಸ್ಕಾಂತ ತುಕ್ಕು ಹಿಡಿದಿದೆಯಾ, ಒಡೆದ ಹೀಟರ್ ಇದೆಯಾ ಅಂತಲೂ ನೋಡಿ. ಕೈ ಹಾಕುವ ಮೊದಲು ಪ್ಲಗ್ ತೆಗೆಯಿರಿ.

ರೋಗ: ರವೆಯಾ, ಅಕ್ಕಿಹಿಟ್ಟಾ, ಲೋಳೆಯಾ?

ಟಾರ್ಚನ್ನು ಪಕ್ಕದಿಂದ ಹಿಡಿದು ಮೀನಿನ ಮೈ ನೋಡಿ.

ರವೆಯ ಕಾಳು ಅಲ್ಲೊಂದು ಇಲ್ಲೊಂದು ಅಂಟಿದ ಹಾಗೆ, ಎಣಿಸಬಹುದಾದ ಬಿಳಿ ಚುಕ್ಕೆ ಇದ್ದರೆ ಅದು ಬಿಳಿ ಚುಕ್ಕೆ ರೋಗ, ಕ್ರಿಪ್ಟೋಕ್ಯಾರಿಯಾನ್ ಎಂಬ ಪರಾವಲಂಬಿಯ ಕೆಲಸ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಚುಕ್ಕೆಗಳು ಎರಡು ಮೂರು ದಿನದಲ್ಲಿ ತಾವೇ ಮಾಯವಾಗುತ್ತವೆ, ವಾಸಿಯಾಯಿತು ಅಂತ ಖುಷಿಪಡುತ್ತೀರಿ. ಆದರೆ ಅವು ಮೀನಿನಿಂದ ಉದುರಿ ಮರಳಿನಲ್ಲಿ ಗೂಡು ಕಟ್ಟಿ, ನೂರಾರು ಮರಿಗಳಾಗಿ ಮತ್ತೆ ಬರುತ್ತವೆ. ಈ ರೋಗ ಸ್ವಲ್ಪ ಸಮಯ ಕೊಡುತ್ತದೆ.

ಮೈಮೇಲೆ ಅಕ್ಕಿಹಿಟ್ಟು ಉದುರಿಸಿದ ಹಾಗೆ, ಎಣಿಸಲಾಗದಷ್ಟು ಸಣ್ಣ ಪುಡಿ ಕಂಡರೆ ವೆಲ್ವೆಟ್. ಎಷ್ಟೋ ಸಲ ಇದು ಮೊದಲು ಕಿವಿರಿಗೆ ಹತ್ತುವುದರಿಂದ ಮೈಮೇಲೆ ಏನೂ ಕಾಣುವುದೇ ಇಲ್ಲ. ಜೋರಾಗಿ ಉಸಿರಾಡುವುದು, ಊಟ ಬಿಡುವುದು, ಬೆಳಕಿಗೆ ಅಡಗುವುದು, ವೇವ್‌ಮೇಕರಿನ ನೀರಿಗೆ ಮುಖ ಕೊಟ್ಟು ನಿಲ್ಲುವುದು, ಇವೇ ಗುರುತು. ನನ್ನ ಮೀನು ಹಾಗೆ ನಿಂತಾಗ ಆಟವಾಡುತ್ತಿದೆ ಎಂದುಕೊಂಡಿದ್ದೆ. ಎರಡು ದಿನಕ್ಕೆ ಹೋಯಿತು. ವೆಲ್ವೆಟ್ ಅನುಮಾನ ಬಂದರೆ ನಾಳೆ ನೋಡೋಣ ಅನ್ನಬೇಡಿ.

ಮೈಯಿಂದ ಬಿಳಿ ಲೋಳೆ ಸುಲಿದು ಬರುತ್ತಿದ್ದರೆ, ಅದರಲ್ಲೂ ಕ್ಲೌನ್ ಫಿಶ್ ಆಗಿದ್ದರೆ, ಬ್ರುಕ್ಲಿನೆಲ್ಲಾ. ಇದೂ ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಕ್ರೋಮಿಸ್ ಮೀನಿನ ಪಕ್ಕದಲ್ಲಿ ಕೆಂಪು ಹುಣ್ಣು ಕಂಡರೆ ಯುರೋನೀಮಾ ಎಂಬುದು, ಅದು ಒಳಗೆ ಹೊಕ್ಕ ಮೇಲೆ ಉಳಿಸುವುದು ಕಷ್ಟ.

ಚಿಕಿತ್ಸೆ ಬೇರೆ ತೊಟ್ಟಿಯಲ್ಲಿ. 40–50 ಲೀಟರಿನ ಬರಿಯ ಗಾಜಿನ ತೊಟ್ಟಿ, ಒಂದು ಸ್ಪಾಂಜ್ ಫಿಲ್ಟರ್, ಏರ್ ಪಂಪ್, ಹೀಟರ್, ಅಡಗಲು ಎರಡು ತುಂಡು ಪಿವಿಸಿ ಪೈಪ್. ಮರಳು ಕಲ್ಲು ಬೇಡ. ಸ್ಪಾಂಜನ್ನು ಮುಖ್ಯ ತೊಟ್ಟಿಯಲ್ಲಿ ಕೆಲವು ವಾರ ಮೊದಲೇ ಇಟ್ಟಿದ್ದರೆ ಬ್ಯಾಕ್ಟೀರಿಯಾ ತುಂಬಿರುತ್ತದೆ, ಇಲ್ಲದಿದ್ದರೆ ಇಲ್ಲೂ ಅಮೋನಿಯಾ ಏರಿ ರೋಗಕ್ಕಿಂತ ಮೊದಲು ಅದೇ ಕೊಲ್ಲುತ್ತದೆ.

ವೆಲ್ವೆಟ್ ಮತ್ತು ಬಿಳಿ ಚುಕ್ಕೆ ಎರಡಕ್ಕೂ ತಾಮ್ರದ ಔಷಧಿ ಕೆಲಸ ಮಾಡುತ್ತದೆ. ಆದರೆ ತಾಮ್ರದ ಔಷಧಿಗಳಲ್ಲಿ ಬೇರೆ ಬೇರೆ ಜಾತಿ ಇವೆ, ಒಂದರ ಸರಿ ಮಟ್ಟ ಇನ್ನೊಂದರಲ್ಲಿ ಪ್ರಾಣ ತೆಗೆಯುವ ಮಟ್ಟ. ಬಾಟಲಿಯ ಮೇಲಿನ ಮಟ್ಟಕ್ಕೆ ನಿಧಾನವಾಗಿ ಏರಿಸಿ, ಅದಕ್ಕೆ ಹೊಂದುವ ತಾಮ್ರದ ಕಿಟ್ಟಿನಿಂದ ದಿನಾ ಅಳೆದು, 30 ದಿನ ಬಿಡದೆ ಕಾಪಾಡಬೇಕು. ಕಿಟ್ ಇಲ್ಲದೆ ಅಂದಾಜಿನಲ್ಲಿ ಹನಿ ಹಾಕುವುದಾದರೆ ಬೇಡವೇ ಬೇಡ. ಬಿಳಿ ಚುಕ್ಕೆಗೆ ಮಾತ್ರ ಇನ್ನೊಂದು ದಾರಿ ಇದೆ, ಉಪ್ಪಿನಂಶವನ್ನು ನಿಧಾನವಾಗಿ 1.009ಕ್ಕೆ ಇಳಿಸಿ 30 ದಿನ ಇಡುವುದು. ವೆಲ್ವೆಟ್ ಇದಕ್ಕೆ ಬಗ್ಗುವುದಿಲ್ಲ. ಬ್ರುಕ್ಲಿನೆಲ್ಲಾಗೆ ತಾಮ್ರ ಸಾಲದು. ಅದಕ್ಕೆ ಫಾರ್ಮಲಿನ್ ಇರುವ ಮೀನಿನ ಔಷಧಿ ಬೇಕು, ಅದು ಮನುಷ್ಯರಿಗೂ ಅಪಾಯ, ಗ್ಲೌಸ್ ಹಾಕಿ, ಕಿಟಕಿ ತೆಗೆದು, ಜೋರಾಗಿ ಗಾಳಿ ಬಿಟ್ಟು ಬಳಸಬೇಕು. ಔಷಧಿ ಸಿಗುವವರೆಗೆ ಅದೇ ತಾಪಮಾನ ಮತ್ತು ಪಿಎಚ್ ಇರುವ ಸಿಹಿನೀರಿನಲ್ಲಿ ಐದು ನಿಮಿಷದ ಸ್ನಾನ ಮೀನಿಗೆ ಸ್ವಲ್ಪ ಉಸಿರು ಕೊಡುತ್ತದೆ. ಅದು ವಾಸಿ ಮಾಡುವುದಿಲ್ಲ.

ಅಂಗಡಿಯಿಂದ ಮನೆಗೆ

ಅಂಗಡಿಯಲ್ಲಿ ಎರಡು ಪ್ರಶ್ನೆ ಕೇಳಿ. ಒಂದು, ಇದು ಬಂದು ಎಷ್ಟು ದಿನವಾಯಿತು? ಹತ್ತು ದಿನ ಅಲ್ಲೇ ಬದುಕಿ ತಿನ್ನುತ್ತಿರುವ ಮೀನು ವಾಸಿ. ಕಣ್ಣೆದುರು ತಿನ್ನಿಸಿ ತೋರಿಸಿ ಅನ್ನಿ, ನಾಚಿಕೆ ಬೇಡ. ಎರಡು, ನಿಮ್ಮ ನೀರಿನ ಉಪ್ಪಿನಂಶ ಎಷ್ಟು? ಪರಾವಲಂಬಿ ಕಮ್ಮಿಯಾಗಲಿ ಎಂದು ಕೆಲವು ಅಂಗಡಿಯವರು 1.018–1.020ರಲ್ಲಿ ಇಟ್ಟಿರುತ್ತಾರೆ. ಅಲ್ಲಿಂದ ಅರ್ಧ ಗಂಟೆಯಲ್ಲಿ 1.026ಕ್ಕೆ ಏರಿಸಿದರೆ ಮೀನಿನ ಮೈಯ ನೀರೇ ಹೊರಗೆ ಹೋಗಿ ಒಂದೆರಡು ದಿನದಲ್ಲಿ ಸಾಯುತ್ತದೆ. ಬೇರೆ ತೊಟ್ಟಿಯಲ್ಲಿ ಅಂಗಡಿಯ ಮಟ್ಟವನ್ನೇ ಇಟ್ಟು, ದಿನಕ್ಕೆ 0.001ರಿಂದ 0.002ರಷ್ಟು ಏರಿಸಿ.

ದೂರದ ಊರಿನಿಂದ ಪಾರ್ಸಲ್ ಬಂದ ಮೀನನ್ನು ಗಂಟೆಗಟ್ಟಲೆ ಹನಿ ಹನಿಯಾಗಿ ನೀರು ಬಿಟ್ಟು ಒಗ್ಗಿಸಬೇಡಿ. ಚೀಲದೊಳಗೆ ಮೀನಿನ ಉಸಿರಿನಿಂದ ಪಿಎಚ್ ಇಳಿದಿರುತ್ತದೆ, ಅದರಿಂದಲೇ ಅಲ್ಲಿ ಸೇರಿದ ಅಮೋನಿಯಾ ಅಷ್ಟು ವಿಷವಾಗಿರುವುದಿಲ್ಲ. ಚೀಲ ಬಿಚ್ಚಿ ಹೊಸ ನೀರು ಸೇರಿಸಿದ ಕೂಡಲೇ ಪಿಎಚ್ ಏರಿ ಅದೇ ಅಮೋನಿಯಾ ಸುಡಲು ಶುರುಮಾಡುತ್ತದೆ. 15–20 ನಿಮಿಷ ಮುಚ್ಚಿದ ಚೀಲ ತೇಲಿಸಿ ತಾಪಮಾನ ಸರಿಮಾಡಿ, ಉಪ್ಪಿನಂಶ ಮೊದಲೇ ಹೊಂದಿಸಿಟ್ಟ ನೀರಿಗೆ ಮೀನನ್ನು ಮಾತ್ರ ಬಿಡಿ. ಚೀಲದ ನೀರು ಸಿಂಕಿಗೆ.

ಮೀನಿನ ಆಯ್ಕೆ ಕೂಡ ಕಾರಣವಾಗುತ್ತದೆ. ಮ್ಯಾಂಡರಿನ್ ಮೀನು ಕಲ್ಲಿನ ಮೇಲಿನ ಸಣ್ಣ ಜೀವಿಗಳನ್ನು ದಿನವಿಡೀ ಹೆಕ್ಕಿ ತಿನ್ನುವಂಥದ್ದು, ಹೊಸ ತೊಟ್ಟಿಯಲ್ಲಿ ಅವು ಇರುವುದೇ ಇಲ್ಲ, ಹೊಟ್ಟೆ ಒಳಕ್ಕೆ ಹೋಗಿ ಸಾಯುತ್ತದೆ. ಮೂರಿಶ್ ಐಡಲ್, ಬಟರ್‌ಫ್ಲೈ ಮೀನುಗಳೂ ಹೊಸಬರಿಗಲ್ಲ. ಸಯನೈಡ್ ಹಾಕಿ ಹಿಡಿದ ಮೀನು ಚೆನ್ನಾಗಿ ತಿನ್ನುತ್ತಲೇ ವಾರಗಳ ನಂತರ ಸಾಯಬಹುದು, ಅದನ್ನು ನೋಡಿ ಗುರುತಿಸಲು ಆಗುವುದಿಲ್ಲ. ಸಾಕಿ ಮರಿ ಮಾಡಿಸಿದ ಕ್ಲೌನ್ ಫಿಶ್ ಕೇಳಿ ಪಡೆಯಿರಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ಕ್ಲೌನ್ ಫಿಶ್ ಮರಿ ಮಾಡಿಸುವ ವಿಧಾನ ರೂಪಿಸಿದೆ, ಸಮುದ್ರದಿಂದ ಕಿತ್ತು ತರುವ ಅಗತ್ಯವಿಲ್ಲ.

ಎಲ್ಲವೂ ಹೋಗಿದ್ದರೆ

ರೋಗದಿಂದ ಹೋಗಿದ್ದರೆ ತೊಟ್ಟಿಯನ್ನು ಮೀನಿಲ್ಲದೆ ಖಾಲಿ ಬಿಡಬೇಕು. ಪರಾವಲಂಬಿಗೆ ಮೀನು ಸಿಗದಿದ್ದರೆ ಅದು ತಾನಾಗಿ ಸಾಯುತ್ತದೆ. ವೆಲ್ವೆಟ್‌ಗೆ ಆರು ವಾರ, ಬಿಳಿ ಚುಕ್ಕೆಗೆ 76 ದಿನ ಎಂಬುದು ಹವ್ಯಾಸಿಗಳು ಹಿಡಿಯುವ ಲೆಕ್ಕ. ಯಾವುದು ಅಂತ ಖಚಿತವಿಲ್ಲದಿದ್ದರೆ 76 ಹಿಡಿಯಿರಿ. ಸಿಗಡಿ, ಬಸವನಹುಳು ಅಲ್ಲೇ ಇರಬಹುದು. ಬ್ಯಾಕ್ಟೀರಿಯಾ ಸಾಯದಿರಲು ಎರಡು ಮೂರು ದಿನಕ್ಕೊಮ್ಮೆ ಚಿಟಿಕೆ ಆಹಾರ ಹಾಕುತ್ತಿರಿ. ಬಲೆ, ಬಕೆಟ್, ಕೈ ಒದ್ದೆಯಾಗಿ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹೋಗಬಾರದು.

ಅಮೋನಿಯಾದಿಂದ ಹೋಗಿದ್ದರೆ ಖಾಲಿ ಬಿಡುವ ಅಗತ್ಯವಿಲ್ಲ, ಹದ ಮಾಡುವುದನ್ನು ಪೂರ್ತಿ ಮುಗಿಸಿ. ವಿಷವಾಗಿದ್ದರೆ ನೀರು ಎರಡು ಮೂರು ಸಲ ಬದಲಿಸಿ, ಕಾರ್ಬನ್ ಇಟ್ಟು, ಮೊದಲು ಎರಡು ಬಸವನಹುಳು ಒಂದು ವಾರ ಆರಾಮಾಗಿ ಇರುತ್ತವಾ ನೋಡಿ.

ಆಮೇಲೆ ಬರುವ ಮೊದಲ ಮೀನು 30 ದಿನ ಬೇರೆ ತೊಟ್ಟಿಯಲ್ಲಿರಲಿ, ಮುಖ್ಯ ತೊಟ್ಟಿ ಖಾಲಿ ಇದ್ದರೂ ಸರಿ. ಮನೆಯವರು, ಮಕ್ಕಳು ಯಾವಾಗ ಬಿಡುವುದು ಎಂದು ಕೇಳುತ್ತಲೇ ಇರುತ್ತಾರೆ. ಕ್ಯಾಲೆಂಡರಿನಲ್ಲಿ ದಿನಾಂಕ ಬರೆದು ತೋರಿಸಿ. ಆ ದಿನ ಎರಡೂ ತೊಟ್ಟಿಯ ಉಪ್ಪಿನಂಶ, ತಾಪಮಾನ ಒಂದೇ ಇದೆಯಾ ನೋಡಿ, ಲೈಟ್ ಆರಿಸಿ, ಸಂಜೆ ಹೊತ್ತು ಮೀನನ್ನು ಬಿಡಿ. ಮುಚ್ಚಳ ಹಾಕಿ.